ಎಫರ್ಟ್‌ಗೆ ಎ, ಹಾಲಿಗೆ ಸೊನ್ನೆ

ಬೆಳಿಗ್ಗೆ ಹಾಲಿನ ಪ್ಯಾಕೆಟ್ಟು ಬಾಗಿಲ ಮುಂದೆ ಬಿದ್ದ ಸದ್ದಾದರೆ ಸಾಕು, ನಾನು ಹೋಗಿ ಅದನ್ನೆತ್ತಿ ಕೆನ್ನೆಗೆ ಒತ್ತಿಕೊಳ್ಳುತ್ತೇನೆ. ಮುಖ ತೊಳೆಯುವುದೂ ಆಮೇಲೆ. ಹೊಸೂರಿನ ಆಲಸನತ್ತಂನ ಈ ಮನೆಗೆ, ನನ್ನ ಮೊಮ್ಮಗಳು ಚಿತ್ರಾಳ ಜೊತೆ ಇರಲು ಬಂದ ಹೊಸದರಲ್ಲಿ, ಎದುರು ಮನೆಯವರು ಇದನ್ನು ನೋಡಿ, "ನಿಮ್ಮ ಅಜ್ಜಿಗೆ ಹಲ್ಲುನೋವಾ?" ಎಂದು ಅವಳನ್ನು ಕೇಳಿದ್ದರಂತೆ. ಹಲ್ಲಿದ್ದರಲ್ಲವೇ ನೋವು! ನಾನು ನೋಡುವುದು ಹಾಲು ತಣ್ಣಗಿದೆಯೇ ಎಂದು. ತಣ್ಣಗಿದ್ದರೆ ಒಂದು ಹಳೆಯ ಜಗಳದಲ್ಲಿ ಮತ್ತೊಮ್ಮೆ ಗೆದ್ದ ಹಾಗೆ ಅನ್ನಿಸುತ್ತದೆ. ಈ ವಯಸ್ಸಿನಲ್ಲಿ ಹೊಸ ಜಗಳ ಆಡೋಣವೆಂದರೆ ಜೊತೆಗೆ ಆಡುವವರು ಸಿಗುವುದಿಲ್ಲ. ಹಳೆಯವನ್ನೇ ಒರೆಸಿ ಇಟ್ಟುಕೊಳ್ಳಬೇಕು.

ಆ ಜಗಳವನ್ನು ಹೇಳಲು ಈಗ ಕಾರಣ ಚಿತ್ರಾಳೇ. ಅವಳು ಇಲ್ಲೇ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಹೋದ ವಾರ ಊಟದ ಮೇಜಿನ ತುಂಬ ಹುಡುಗರ ಲ್ಯಾಬ್ ರೆಕಾರ್ಡುಗಳನ್ನು ಗುಡ್ಡೆ ಹಾಕಿಕೊಂಡು ಕೂತಿದ್ದಳು. ನನ್ನ ತಟ್ಟೆ ಇಡಲು ಜಾಗವಿಲ್ಲ. ಒಂದು ರೆಕಾರ್ಡನ್ನು ತೆಗೆಯುತ್ತಾಳೆ, ಮುಚ್ಚುತ್ತಾಳೆ, ನಿಟ್ಟುಸಿರು ಬಿಡುತ್ತಾಳೆ.

"ಏನೇ ಅದು?" ಎಂದೆ.

"ಈ ಹುಡುಗ ಪಾಪ ಅಜ್ಜಿ. ಲ್ಯಾಬ್ ಮುಚ್ಚೋತನಕ ಅಲ್ಲೇ ಇರ್ತಾನೆ. ಅಷ್ಟು ಕಷ್ಟಪಡ್ತಾನೆ. ಆದ್ರೆ ಅವನು ಮಾಡಿದ ಮೋಟಾರು ತಿರುಗೋದೇ ಇಲ್ಲ. ಏನು ಹಾಕ್ಲಿ?"

"ಸೊನ್ನೆ."

"ಅಜ್ಜೀ!"

"ತಿರುಗಲ್ಲ ಅಂದೆಯಲ್ಲ ಮತ್ತೆ?"

"ತಿರುಗಲ್ಲ. ಆದ್ರೆ ಎಫರ್ಟ್ ಅಂತ ಒಂದಿದೆ ಅಲ್ವಾ?"

ಎಫರ್ಟ್! ಆ ಒಂದು ಪದ ಕೇಳಿದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ತಟ್ಟೆ ತಗೊಂಡು ಅಡುಗೆಮನೆಗೆ ಹೋಗಿ ನಿಂತೇ ಊಟ ಮಾಡಿದೆ. ಕಷ್ಟಪಡುವ ಹುಡುಗನ ಮೇಲೆ ನನಗೆ ಕರುಣೆ ಇಲ್ಲವೆಂದು ತಿಳಿಯಬೇಡಿ. ಅವನನ್ನು ಮನೆಗೆ ಕರೆಯಲಿ, ನಾನೇ ಮುದ್ದೆ ಸೊಪ್ಪಿನ ಸಾರು ಮಾಡಿ ಬಡಿಸುತ್ತೇನೆ, ಬೆನ್ನು ತಟ್ಟುತ್ತೇನೆ. ಆದರೆ ಕರುಣೆಯನ್ನು ಮಾರ್ಕಿನ ಕಾಲಮ್ಮಿನಲ್ಲಿ ಬರೆಯಬೇಡಿ. ಅದನ್ನು ಈಸಿಕೊಂಡವಳು ನಾನು. ಅದರ ರುಚಿ ನನಗೆ ಗೊತ್ತು.

ಅದು ಎರಡನೇ ಮಹಾಯುದ್ಧದ ಕಾಲ. ಹೊಸೂರಿಗೆ ಬರುತ್ತಿದ್ದ ಪುಟ್ಟ ರೈಲಿನ ಹಳಿಗಳನ್ನೇ ಯುದ್ಧಕ್ಕೆ ಬೇಕೆಂದು ಕಿತ್ತುಕೊಂಡು ಹೋಗಿದ್ದರು. ನಮ್ಮ ಮನೆ ಮತ್ತಿಗಿರಿಯಲ್ಲಿ. ಅಪ್ಪನಿಗೆ ಹೊಲ, ಚಿಕ್ಕಪ್ಪನಿಗೆ ಹಸು; ಹೀಗೆ ಅಣ್ಣತಮ್ಮಂದಿರು ಮನೆಯ ಕೆಲಸ ಹಂಚಿಕೊಂಡಿದ್ದರು. ಹೊಸೂರಿನ ಅಂಚಿನಲ್ಲಿದ್ದ ಕಾನ್ವೆಂಟಿಗೆ ಚಿಕ್ಕಪ್ಪ ದಿನಾ ಬೆಳಿಗ್ಗೆ ಹಾಲು ಹಾಕುತ್ತಿದ್ದ. ಕಾನ್ವೆಂಟಿನ ಹೆಸರು ಹೇಳುವುದಿಲ್ಲ. ಅಲ್ಲಿ ಕಲಿತ ಗುಡ್ ಮ್ಯಾನರ್ಸ್‌ನಲ್ಲಿ ಅದೂ ಒಂದು. ಹಾಲು ಹಾಕುವ ಮನೆಯ ಮಗಳೆಂದು ಅಲ್ಲಿನ ಮದರ್ ನನ್ನನ್ನು ಫೀಸಿಲ್ಲದೆ ಸೇರಿಸಿಕೊಂಡಿದ್ದರು. ಹಾಗಾಗಿ ಹಾಲೂ ನಾನೂ ಒಂದೇ ಗಾಡಿಯಲ್ಲಿ ಕಾನ್ವೆಂಟಿಗೆ ಹೋಗುತ್ತಿದ್ದೆವು. ಹಾಲು ನಿಂತರೆ ನಾನೂ ನಿಂತ ಹಾಗೆ. ಇದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ನಮ್ಮ ಎತ್ತುಗಳ ಹೆಸರು ಮದ್ರಾಸು ಮತ್ತು ಮೈಸೂರು. ನಗಬೇಡಿ, ನಿಜ. ಮದ್ರಾಸು ಪ್ರಾಂತ್ಯಕ್ಕೂ ಮೈಸೂರು ಸಂಸ್ಥಾನಕ್ಕೂ ನಡುವಿನ ಗಡಿಯಲ್ಲಿದ್ದ ನಮಗೆ ಅದೊಂದು ತಮಾಷೆ. ಮದ್ರಾಸು ನೇರ ಹೋಗುತ್ತಿತ್ತು. ಮೈಸೂರಿಗೆ ಮಾತ್ರ ರಸ್ತೆ ಬದಿಯ ಹುಲ್ಲು ಕಂಡಾಗಲೆಲ್ಲ ಗಾಡಿಯನ್ನು ಎಳೆದುಕೊಂಡು ಆ ಕಡೆ ಹೋಗುವ ಚಾಳಿ. "ಲೇ ಮೈಸೂರು, ನಿಂಗೆ ರಾಜನ ಮನೆ ಸುಖ ಬೇಕೇನ್ಲಾ?" ಎಂದು ಚಿಕ್ಕಪ್ಪ ಬಾಲ ತಿರುಚುತ್ತಿದ್ದ. ಹಿಂದೆ ಹಾಲಿನ ಎರಡು ಕ್ಯಾನುಗಳ ಮಧ್ಯೆ ನಾನು. ಅಮ್ಮ ಚೊಂಬಿನಲ್ಲಿ ಕೆಂಡ ತುಂಬಿ ಉಜ್ಜಿ ಉಜ್ಜಿ ಇಸ್ತ್ರಿ ಮಾಡಿದ ನನ್ನ ಪಿನಾಫೋರು ಕಾನ್ವೆಂಟು ಸೇರುವಷ್ಟರಲ್ಲಿ ಹುಲ್ಲು, ಹಾಲು, ಸಗಣಿ ಮೂರರ ವಾಸನೆಯನ್ನೂ ಹೊತ್ತಿರುತ್ತಿತ್ತು. ಹುಡುಗಿಯರು "ಮಿಲ್ಕ್‌ಮೇಡ್ ಬಂದಳು" ಎಂದು ಮೂಗು ಹಿಡಿದುಕೊಳ್ಳುತ್ತಿದ್ದರು. ಸಿಸ್ಟರ್‌ಗಳ ಬಾಯಲ್ಲಿ ಕಮಲಮ್ಮ ಎಂಬ ಹೆಸರು ಹೊರಳದೆ ನಾನು ಕಮಿಲ್ಲಾ ಆಗಿದ್ದೆ. ಕಮಿಲ್ಲಾ ಫೋರ್ಕಿನಲ್ಲಿ ತಿನ್ನುತ್ತಿದ್ದಳು, ಪಿಯಾನೋ ಬಾರಿಸಿದರೆ ಸಾಲಾಗಿ ನಡೆಯುತ್ತಿದ್ದಳು. ಸಂಜೆ ಗಾಡಿ ಹತ್ತಿದ ಕೂಡಲೇ ಕಮ್ಲಿಯಾಗಿ, ಬರಿಗಾಲು ನೀಡಿಕೊಂಡು, ಹುಣಸೆಕಾಯಿ ಚೀಪುತ್ತಿದ್ದಳು. ಯಾವುದು ನಾನು ಎಂದು ಆಗಲೂ ತಲೆ ಕೆಡಿಸಿಕೊಳ್ಳಲಿಲ್ಲ, ಈಗಲೂ ಇಲ್ಲ.

ನಮ್ಮ ರಿಪೋರ್ಟ್ ಕಾರ್ಡಿನಲ್ಲಿ ಪ್ರತಿ ಸಬ್ಜೆಕ್ಟಿನ ಮುಂದೆ ಎರಡು ಕಾಲಂ ಇರುತ್ತಿದ್ದವು. ಒಂದು ಎಫರ್ಟ್, ಅಂದರೆ ಹುಡುಗಿ ಎಷ್ಟು ಕಷ್ಟಪಟ್ಟಳು. ಇನ್ನೊಂದು ಅಟೈನ್‌ಮೆಂಟ್, ಅಂದರೆ ಕಷ್ಟಪಟ್ಟು ಏನು ಗಿಟ್ಟಿಸಿದಳು. ಹಳ್ಳಿಯಿಂದ ಬರುತ್ತಿದ್ದ ನಮ್ಮಂಥ ನಾಲ್ಕಾರು ಹುಡುಗಿಯರಿಗೆ ಎಫರ್ಟಿನಲ್ಲಿ ಯಾವಾಗಲೂ ಎ, ಅಟೈನ್‌ಮೆಂಟಿನಲ್ಲಿ ಸಿ. ಕಚೇರಿ ಸಾಹೇಬರ ಮಕ್ಕಳಿಗೆ ಉಲ್ಟಾ. ಅವರು ಬುದ್ಧಿವಂತರು, ಕಷ್ಟಪಡಬೇಕಾಗಿಲ್ಲ. ನಾವು ಪಾಪ, ಕಷ್ಟಪಡುವವರು. ಮನೆಗೆಲಸದವಳನ್ನು "ತುಂಬಾ ಒಳ್ಳೆಯವಳು" ಎಂದು ಹೊಗಳಿ ಹಳೇ ಸೀರೆ ಕೊಡುತ್ತಾರಲ್ಲ, ಅಂಥದೊಂದು ಎ ಅದು. ಅಪ್ಪ ಮಾತ್ರ ಇಂಗ್ಲಿಷ್ ಬಾರದಿದ್ದರೂ ಎ ಅಕ್ಷರವನ್ನು ಗುರುತು ಹಿಡಿದು, ಕಾರ್ಡನ್ನು ದೇವರ ಗೂಡಿನಲ್ಲಿ ಇಡುತ್ತಿದ್ದ.

ಆ ವರ್ಷ ಸೈನ್ಸಿಗೆ ಹೊಸದಾಗಿ ಬಂದವರು ಸಿಸ್ಟರ್ ಉರ್ಸುಲಾ. ಎತ್ತರದ, ಕೆಂಪು ಕೈಗಳ, ಯಾವ ಹುಡುಗಿಯನ್ನೂ ಗದರದ ಸಿಸ್ಟರ್. ಅವರು ಸಮುದ್ರ ದಾಟಿ ಬರುವಾಗ ಪೆಟ್ಟಿಗೆಯಲ್ಲಿ ಹತ್ತಿ ಸುತ್ತಿ ಒಂದು ಲ್ಯಾಕ್ಟೋಮೀಟರ್ ತಂದಿದ್ದರು. ನೋಡದವರಿಗೆ ಹೇಳುತ್ತೇನೆ: ಅದೊಂದು ಗಾಜಿನ ಕಡ್ಡಿ, ಕೆಳಗೆ ಬುರುಡೆ. ಹಾಲಿನಲ್ಲಿ ಬಿಟ್ಟರೆ ನೆಟ್ಟಗೆ ತೇಲುತ್ತದೆ. ಕಡ್ಡಿಯ ಮೇಲೆ ಕೆಳಗಡೆ ‘ಎಂ’ ಎಂಬ ಗೆರೆ, ಮೇಲುಗಡೆ ‘ಡಬ್ಲ್ಯು’ ಎಂಬ ಗೆರೆ, ನಡುವೆ ಅಂಕಿಗಳು. ಎಂ ತನಕ ಮುಳುಗಿ ನಿಂತರೆ ಗಟ್ಟಿ ಹಾಲು. ಇನ್ನೂ ಆಳಕ್ಕೆ ಇಳಿದರೆ ನೀರು ಬೆರೆತಿದೆ ಎಂದು. ಡಬ್ಲ್ಯು ತನಕ ಇಳಿದರೆ ಅದು ಹಾಲೇ ಅಲ್ಲ.

ಇನ್ನು ನಮ್ಮ ಕಡೆಯ ಒಂದು ವಾಡಿಕೆಯನ್ನೂ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮಲ್ಲಿ ಹಾಲು ಬಿಸಿಯಾಗಿರುವುದೇ ಅದರ ಸಾಚಾತನ. ಕೊಳ್ಳುವವರ ಮನೆ ತಲುಪುವಾಗ ಹಸುವಿನ ಮೈಬಿಸಿ ಅದರಲ್ಲಿ ಇನ್ನೂ ಇರಬೇಕು, ಮೇಲೆ ನೊರೆ ಕೂತಿರಬೇಕು. ತಣ್ಣಗಿನ ಹಾಲು ತಂದವನೆಂದರೆ ದಾರಿಯಲ್ಲಿ ಬಾವಿ ಹತ್ತಿರ ಗಾಡಿ ನಿಲ್ಲಿಸಿದವನು ಎಂದೇ ಲೆಕ್ಕ. ಅದಕ್ಕೆ ಚಿಕ್ಕಪ್ಪ ಕರೆದ ಹಾಲನ್ನು ಕ್ಯಾನಿಗೆ ಸುರಿದು, ಸುತ್ತ ಹುಲ್ಲು ತುರುಕಿ, ಮೇಲೆ ಕಂಬಳಿ ಸುತ್ತಿ, ಬಾಣಂತಿಯನ್ನು ಕರೆದೊಯ್ಯುವ ಹಾಗೆ ಕರೆದೊಯ್ಯುತ್ತಿದ್ದ. ನಾನು ಚಳಿಯಲ್ಲಿ ನಡುಗುತ್ತಿದ್ದರೂ ಕಂಬಳಿ ಹಾಲಿಗೇ.

ಆ ಸೋಮವಾರ ಸಿಸ್ಟರ್ ಉರ್ಸುಲಾ ಪ್ರಾಕ್ಟಿಕಲ್ ಪರೀಕ್ಷೆ ಇಟ್ಟರು. ಕಾನ್ವೆಂಟಿಗೆ ಎರಡು ಕಡೆಯಿಂದ ಹಾಲು ಬರುತ್ತಿತ್ತು: ಮತ್ತಿಗಿರಿಯಿಂದ ನಮ್ಮದು, ಪೇಟೆಯಿಂದ ಇನ್ನೊಂದು. ನಮ್ಮದು ಆಗಷ್ಟೇ ಗಾಡಿಯಿಂದ ಇಳಿದದ್ದು, ಹಬೆಯಾಡುತ್ತಿತ್ತು. ಪೇಟೆಯದು ಹಿಂದಿನ ಸಂಜೆಯದು, ಮಡಕೆಯಲ್ಲಿ ತಣ್ಣಗೆ ಕೂತಿತ್ತು. ನಮ್ಮದಕ್ಕೆ ಎ, ಪೇಟೆಯದಕ್ಕೆ ಬಿ ಎಂದು ಚೀಟಿ. ಯಾವುದಕ್ಕೆ ನೀರು ಬೆರೆತಿದೆ, ಕಂಡುಹಿಡಿಯಿರಿ.

ಒಬ್ಬೊಬ್ಬರಾಗಿ ಹೋಗಿ ನೋಡಿದೆವು. ಬಿ ಹಾಲಿನಲ್ಲಿ ಕಡ್ಡಿ ಎಂ ಗೆರೆಯ ಮೇಲೆ ಸೈನಿಕನ ಹಾಗೆ ನಿಂತಿತು. ನಮ್ಮ ಹಾಲಿನಲ್ಲಿ ಗುಳುಕ್ಕನೆ ಇಳಿದು, ಮೂರು ಪಾಲು ಹಾಲಿಗೆ ಒಂದು ಪಾಲು ನೀರು ಎನ್ನುವ ಗೆರೆಗೆ ಬಂದು ಕೂತಿತು.

ನನ್ನ ಬೆಂಚಿನಲ್ಲಿ ಪಕ್ಕಕ್ಕಿದ್ದವಳು ಸ್ಟೆಲ್ಲಾ, ಪೋಸ್ಟ್‌ಮಾಸ್ಟರ ಮಗಳು, ಮನೆಮಾತು ತಮಿಳು. ಅವಳು ನನ್ನ ಕಿವಿಗೆ ಬಾಯಿಟ್ಟು, "ಏಯ್, ಅದು ನಿಮ್ ಹಾಲು ಡೀ!" ಎಂದಳು.

"ಗೊತ್ತು."

"ಏನ್ ಬರೀತೀಯ?"

ನಾನು ಬರೆದದ್ದು ಒಂದೇ ಸಾಲು: ಎ ಹಾಲಿಗೆ ನೀರು ಬೆರೆತಿಲ್ಲ. ಸೈನ್ಸಿನಿಂದ ಬರೆದದ್ದಲ್ಲ, ಹಟದಿಂದ ಬರೆದದ್ದು. ಆ ಬೆಳಿಗ್ಗೆ ಚಿಕ್ಕಪ್ಪ ಹಾಲು ಕರೆಯುವಾಗ ಕರು ಹಿಡಿದುಕೊಂಡಿದ್ದವಳು ನಾನೇ.

ಸಿಸ್ಟರ್ ಓದಿ ತಲೆ ಎತ್ತಿದರು. "ಕಮಿಲ್ಲಾ, ಲ್ಯಾಕ್ಟೋಮೀಟರ್ ಏನು ಹೇಳುತ್ತಿದೆ?"

"ನೀರಿದೆ ಅನ್ನುತ್ತಿದೆ, ಸಿಸ್ಟರ್."

"ನೀನು ಏನು ಹೇಳುತ್ತಿದ್ದೀಯ?"

"ಅದು ಸುಳ್ಳು ಹೇಳುತ್ತಿದೆ ಅಂತ, ಸಿಸ್ಟರ್."

ಕ್ಲಾಸಿನಲ್ಲಿ ಯಾರೋ ಕಿಸಕ್ಕೆಂದರು. ಸಿಸ್ಟರ್ ಕೋಪಿಸಿಕೊಳ್ಳಲಿಲ್ಲ, ಅದೇ ಕಷ್ಟ. "ಮೈ ಡಿಯರ್, ಗಾಜು ಸುಳ್ಳು ಹೇಳುವುದಿಲ್ಲ. ಮನುಷ್ಯರು ಹೇಳುತ್ತಾರೆ. ಇಲ್ಲೇ ಕೂತು ಸ್ವಲ್ಪ ಯೋಚನೆ ಮಾಡು." ಅವರ ಮನಸ್ಸಿನಲ್ಲಿದ್ದ ಮನುಷ್ಯ ಯಾರು? ನನ್ನ ಚಿಕ್ಕಪ್ಪ. ಹಾಗೆಂದು ಅವರು ಹೇಳಲಿಲ್ಲ, ಹೇಳದೆಯೇ ಎಲ್ಲರಿಗೂ ಕೇಳಿಸಿತು.

ಎಲ್ಲರೂ ಹೋದರು. ನಾನು ಆ ಎರಡು ಗ್ಲಾಸುಗಳ ಎದುರು ಕೂತೆ. ಯೋಚನೆ ಮಾಡಿದೆ ಎಂದು ಹೇಳಲಾರೆ. ಅತ್ತೆ, ಮೂಗೊರೆಸಿಕೊಂಡೆ, ಬೆಂಚಿನ ಮೇಲೆ ಉಗುರಿನಿಂದ ಒಂದು ಎತ್ತು ಕೊರೆದೆ. ಮಧ್ಯಾಹ್ನ ಸ್ಟೆಲ್ಲಾ ಒಂದು ಬನ್ನನ್ನು ಗೌನಿನ ಜೇಬಿನಲ್ಲಿ ಬಚ್ಚಿಟ್ಟುಕೊಂಡು ಬಂದು ಕೊಟ್ಟು ಹೋದಳು. ಅದನ್ನು ತಿಂದೆ. ಕೊನೆಗೆ ಮಾಡಲು ಏನೂ ಉಳಿಯದೆ, ಬರೀ ಸಿಟ್ಟಿಗೆ, ಆ ಗಾಜಿನ ಕಡ್ಡಿಯನ್ನು ತೆಗೆದು, ನಮ್ಮ ಹಾಲನ್ನೊಮ್ಮೆ ಕಲಕಿ, ಅದರಲ್ಲಿ ಕುಕ್ಕಿದೆ. ಕಡ್ಡಿ ಎದ್ದು ಬಂದು ಎಂ ಗೆರೆಯ ಹತ್ತಿರ ನಿಂತಿತು.

ನಾನು ಸುತ್ತ ನೋಡಿದೆ. ಯಾರಾದರೂ ಗ್ಲಾಸು ಬದಲಾಯಿಸಿದರೇ? ಇಲ್ಲ, ಚೀಟಿ ಎ ಅಂತಲೇ ಇದೆ. ಹಾಲಿನಲ್ಲಿ ಬೆರಳಿಟ್ಟೆ. ತಣ್ಣಗಾಗಿತ್ತು. ಮತ್ತೆ ಕಡ್ಡಿಯನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿದರೆ, ಗಾಜಿನೊಳಗಿನ ಕಾಗದದ ಪಟ್ಟಿಯ ಬುಡದಲ್ಲಿ, ಇರುವೆ ಸಾಲಿನಷ್ಟು ಸಣ್ಣದಾಗಿ, ಅರವತ್ತು ಡಿಗ್ರಿ ಎಂದು ಬರೆದಿತ್ತು. ಅರವತ್ತು ಡಿಗ್ರಿ ಫ್ಯಾರನ್‌ಹೀಟ್! ನಮ್ಮ ಹಸುವಿನ ಕೆಚ್ಚಲಲ್ಲಿ ಅಷ್ಟು ತಂಪು ಎಲ್ಲಿಂದ ಬರಬೇಕು? ಆ ಕಡ್ಡಿ ಚಳಿ ದೇಶದ್ದು. ತಣ್ಣಗಿನ ಹಾಲಿಗೆ ಗೆರೆ ಹಾಕಿಸಿಕೊಂಡು ಬಂದದ್ದು. ಬಿಸಿ ಹಾಲು ಹಗುರ, ಅದರಲ್ಲಿ ಬಿಟ್ಟರೆ ಮುಳುಗದೆ ಇನ್ನೇನು ಮಾಡೀತು?

ಸಿಸ್ಟರ್ ಸಂಜೆ ಬಂದಾಗ ಓಡಿ ಹೋಗಿ ತೋರಿಸಿದೆ. ಅವರು ನೋಡಿದರು. ಆದರೆ ನಂಬಲಿಲ್ಲ. "ಇಷ್ಟು ಹೊತ್ತು ತೆರೆದಿಟ್ಟ ಹಾಲು ಅದೇ ಹಾಲಲ್ಲ, ಕಮಿಲ್ಲಾ. ಮೊದಲ ರೀಡಿಂಗೇ ಪ್ರಾಮಾಣಿಕ ರೀಡಿಂಗ್." ಮತ್ತೆ ನನ್ನ ಊದಿದ ಕಣ್ಣು ನೋಡಿ ಅವರ ಮುಖ ಮೆತ್ತಗಾಯಿತು. "ಊಟ ಬಿಟ್ಟು ಕೂತು ಪ್ರಯತ್ನ ಮಾಡಿದ್ದೀಯ. ಅದನ್ನು ನಾನು ಮರೆಯುವುದಿಲ್ಲ."

ಮರೆಯಲಿಲ್ಲ. ಬುಧವಾರ ಕಾರ್ಡು ಕೈಗೆ ಬಂದಾಗ ಸೈನ್ಸಿನ ಮುಂದೆ ಹೀಗಿತ್ತು: ಎಫರ್ಟ್ ಎ, ಅಟೈನ್‌ಮೆಂಟಿನಲ್ಲಿ ಪ್ರಾಕ್ಟಿಕಲ್ಲಿಗೆ ಸೊನ್ನೆ.

ಮೂಗೊರೆಸಿಕೊಂಡು ಬನ್ನು ತಿಂದದ್ದಕ್ಕೆ ಎ. ಸರಿಯಾದ ಉತ್ತರ ಕಂಡುಹಿಡಿದದ್ದಕ್ಕೆ ಸೊನ್ನೆ. ನೀವೇ ಹೇಳಿ, ನನಗೆ ಮೈ ಉರಿಯದೆ ಇರುತ್ತದೆಯೇ?

ಈ ಎರಡು ದಿನದಲ್ಲಿ ಇನ್ನೊಂದು ಅನಾಹುತ ನಡೆದಿತ್ತು. ಸೋಮವಾರವೇ ಮದರ್ ಚಿಕ್ಕಪ್ಪನಿಗೆ ಹೇಳಿ ಕಳಿಸಿದ್ದರು: ಗುರುವಾರ ತಮ್ಮ ಕಣ್ಣೆದುರೇ ಹಾಲು ನೋಡುವುದಾಗಿಯೂ, ಅವತ್ತೂ ತೆಳ್ಳಗಿದ್ದರೆ ಮತ್ತಿಗಿರಿ ಹಾಲು ಬೇಡವೆಂದೂ. ಚಿಕ್ಕಪ್ಪ ಗಾಡಿಯಲ್ಲಿ ಕೂತು ಕೆಂಡ ಕಾರಿದ.

"ನನ್ ಹಾಲ್ಗೆ ನೀರಾ? ಆ ಪ್ಯಾಟೆಯವ್ನ ಹಾಲಲ್ಲಿ ಮಕ ನೋಡ್ಕೊಂಡು ಕ್ರಾಪ್ ಬಾಚ್ಬೋದು, ಅದು ಗಟ್ಟಿ ಹಾಲಂತೆ!"

"ಚಿಕ್ಕಪ್ಪ, ಹಾಲು ಬಿಸಿಯಾಗಿದ್ರೆ ಆ ಕಡ್ಡಿ ಮುಳುಗ್ತದೆ. ತಣ್ಣಗೆ ಮಾಡ್ಕೊಂಡು ತಕೊಂಡೋಗಾಣ."

"ತಣ್ಣಗಾ? ನೀರು ಹಾಕವ್ನೆ ಅಂತ ಅಂದಿರೋ ಹೊತ್ನಲ್ಲಿ ತಣ್ಣಗಿನ ಹಾಲು ತಕೊಂಡೋಗ್ಲಾ? ಹೌದು ಹಾಕಿದ್ದೀನಿ ಅಂತ ಟಾಂ ಟಾಂ ಹೊಡ್ದಂಗೆ ಕಣಮ್ಮಿ ಅದು! ನೋಡ್ತಿರು, ನಾಳೆ ಕೈ ಸುಡೋ ಹಂಗೆ ತಕೊಂಡೋಗ್ತೀನಿ."

ತಗೊಂಡು ಹೋದ. ಮಂಗಳವಾರ ಎರಡು ಕಂಬಳಿ, ಹುಲ್ಲಿನ ಮೇಲೆ ಹುಲ್ಲು. ಮದ್ರಾಸು ಮೈಸೂರುಗಳು ಜನ್ಮದಲ್ಲಿ ಓಡದ ಹಾಗೆ ಓಡಿದವು. ಅಡುಗೆಮನೆಯ ಸಿಸ್ಟರ್ ಕ್ಯಾನು ಮುಚ್ಚಳ ತೆಗೆದರೆ ಹಬೆ. ಲ್ಯಾಕ್ಟೋಮೀಟರ್ ಇನ್ನೂ ಆಳಕ್ಕೆ ಹೋಯಿತು. ಬುಧವಾರ ಅಪ್ಪನ ಹೊದಿಕೆಯೂ ಗಾಡಿ ಸೇರಿತು. ಕಡ್ಡಿ ಇನ್ನಷ್ಟು ಇಳಿಯಿತು. ಪಾಪ, ಚಿಕ್ಕಪ್ಪ ಮರ್ಯಾದೆ ಉಳಿಸಿಕೊಳ್ಳಲು ಹೆಚ್ಚು ಹೆಚ್ಚು ಕಷ್ಟಪಟ್ಟಷ್ಟೂ ಅವನ ಹಾಲು ಹೆಚ್ಚು ಹೆಚ್ಚು ನೀರಾಗುತ್ತಿತ್ತು. ಎಫರ್ಟಿಗೆ ಎ ಕೊಡುವುದಾದರೆ ಅವತ್ತು ಅವನಿಗೆ ಕೊಡಬೇಕಾಗಿತ್ತು, ಎತ್ತುಗಳಿಗೂ ಸೇರಿಸಿ. ಅಂಥ ಎಫರ್ಟು ಇನ್ನೊಂದು ದಿನ ನಡೆದಿದ್ದರೆ ನಾನು ಜೀವಮಾನವೆಲ್ಲ ಕರು ಹಿಡಿದುಕೊಂಡಿರುತ್ತಿದ್ದೆ. ಚಿತ್ರಾಳಿಗೆ ನಾನು ಹೇಳಬೇಕೆಂದಿದ್ದದ್ದು ಇದೇ. ಕಷ್ಟ ದೊಡ್ಡದು, ನಿಜ. ಆದರೆ ಹಾಲಿಗೆ ನಿಮ್ಮ ಕಷ್ಟ ಗೊತ್ತಾಗುವುದಿಲ್ಲ.

ಕಾರ್ಡು ಹಿಡಿದು ಸಿಸ್ಟರ್ ಉರ್ಸುಲಾ ಹತ್ತಿರ ಹೊರಟಾಗ ಸ್ಟೆಲ್ಲಾ ನನ್ನ ಪಿನಾಫೋರು ಹಿಡಿದು ಜಗ್ಗಿದಳು. "ಎಲ್ಲಿಗೆ ಡೀ? ಎ ಕೊಟ್ಟಿದ್ದಾರಲ್ಲ, ತಗೊಂಡು ಸುಮ್ನಿರು. ಎ ಇದ್ರೆ ಪಾಸು. ಜಗಳ ಮಾಡಿದ್ರೆ ಅದೂ ಹೋಯ್ತು."

"ಹೋಗ್ಲಿ."

"ಪೈತ್ಯಂ!" ಎಂದಳು. ಹುಚ್ಚಿ ಎಂದು. ಆಮೇಲೆ ತಾನೂ ಹಿಂದೆ ಬಂದು ಬಾಗಿಲ ಮರೆಗೆ ನಿಂತಳು.

ನಾನು ಕಾರ್ಡನ್ನು ಸಿಸ್ಟರ್ ಮೇಜಿನ ಮೇಲಿಟ್ಟೆ. ಇಂಗ್ಲಿಷು ಹೇಗೋ ಸರಿಯಾಗಿ ಬಂತು. "ಸಿಸ್ಟರ್, ಈ ಎ ನನಗೆ ಬೇಡ. ದಯವಿಟ್ಟು ಹೊಡೆದುಹಾಕಿ."

ಅವರಿಗೆ ಅರ್ಥವಾಗಲಿಲ್ಲ. "ಇದು ನಿನಗೆ ಸಿಕ್ಕ ಒಳ್ಳೆಯ ಗ್ರೇಡ್, ಮಗು."

"ನಾನು ಏನೂ ಮಾಡಲಿಲ್ಲ, ಸಿಸ್ಟರ್. ಸುಮ್ಮನೆ ಅಳುತ್ತಾ ಕೂತಿದ್ದೆ. ಆದರೆ ನನ್ನ ಉತ್ತರ ಸರಿ ಇದೆ. ಮಾರ್ಕು ಕೊಡುವುದಾದರೆ ಅದಕ್ಕೆ ಕೊಡಿ. ತಪ್ಪಿದ್ದರೆ ಸೊನ್ನೆ ಇರಲಿ, ಎ ಹೊಡೆದುಹಾಕಿ."

ಸಿಸ್ಟರ್ ಎದ್ದು ನಿಂತರು. ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. "ಕಮಿಲ್ಲಾ, ಫಲ ಬರಲಿ ಬಿಡಲಿ, ದೇವರು ನೋಡುವುದು ನಮ್ಮ ಪ್ರಯತ್ನವನ್ನು."

"ಪ್ರಯತ್ನವನ್ನು ದೇವರು ನೋಡಿಕೊಳ್ಳಲಿ, ಸಿಸ್ಟರ್. ನೀವು ಗ್ಲಾಸು ನೋಡಿ."

ಬಾಗಿಲ ಮರೆಯಿಂದ ಸ್ಟೆಲ್ಲಾ "ಯೇಸುವೇ" ಎಂದದ್ದು ನನಗೆ ಕೇಳಿಸಿತು. ಅಂಥ ಮಾತಿಗೆ ಆ ಕಾಲದಲ್ಲಿ ಮೊಣಕಾಲೂರಿಸುತ್ತಿದ್ದರು, ಮನೆಗೆ ಕಳಿಸುತ್ತಿದ್ದರು.  ಸಿಸ್ಟರ್ ಉರ್ಸುಲಾ ಹಾಗೇನೂ ಮಾಡದೆ ಕಪಾಟಿನಿಂದ ಲ್ಯಾಕ್ಟೋಮೀಟರ್ ತೆಗೆದು, ಕನ್ನಡಕ ಏರಿಸಿಕೊಂಡು, ಆ ಇರುವೆ ಅಕ್ಷರಗಳನ್ನು ಓದಿದರು. ಸಮುದ್ರ ದಾಟಿಸಿ ತಂದ ಸಾಮಾನು, ಆದರೂ ಅವರು ಆ ಸಾಲನ್ನು ಓದಿದ್ದು ಆಗಲೇ ಎಂದು ನನ್ನ ನಂಬಿಕೆ. ಅವರ ಊರಿನಲ್ಲಿ ಅದನ್ನು ಓದುವ ಅಗತ್ಯ ಯಾರಿಗೂ ಬಿದ್ದಿರಲಾರದು.

"ನಾಳೆ ಆಗಷ್ಟೇ ಕರೆದ ಹಾಲನ್ನೇ ತಣ್ಣಗೆ ಮಾಡಿ ತಾ," ಎಂದರು. "ಮದರ್ ಮುಂದೆ ನೋಡೋಣ. ಮುಳುಗಿದರೆ ನಾನು ನಿನಗೆ ಸಹಾಯ ಮಾಡಲಾರೆ. ಸೊನ್ನೆ ಸೊನ್ನೆಯೇ."

"ಥ್ಯಾಂಕ್ ಯು, ಸಿಸ್ಟರ್," ಎಂದೆ. ಅಷ್ಟು ಮನಸಾರೆ ನಾನು ಯಾರಿಗೂ ಥ್ಯಾಂಕ್ಸ್ ಹೇಳಿಲ್ಲ. ಮೊದಲ ಸಲ ಯಾರೋ ನನಗೆ ನಿಜವಾದ ಸೊನ್ನೆ ಕೊಡಲು ಒಪ್ಪಿದ್ದರು.

ಇನ್ನು ಚಿಕ್ಕಪ್ಪ. ಗುರುವಾರ ಬೆಳಿಗ್ಗೆ ಗಾಡಿಯಲ್ಲಿ ಕ್ಯಾನುಗಳು ಹೊದಿಕೆಯೊಳಗೆ ಕಾಣಿಸುತ್ತಲೇ ಇರಲಿಲ್ಲ. ನಾನು ಗೋಗರೆದೆ, ಅವನು ಎತ್ತುಗಳ ಜೊತೆ ಮಾತಾಡಿದ. ಕೆರೆ ಏರಿಯ ಹತ್ತಿರ ಬಂದಾಗ ಮೈಸೂರು ವಾಡಿಕೆಯಂತೆ ಹುಲ್ಲಿನ ಕಡೆ ಎಳೆಯಿತು, ಗಾಡಿ ಸ್ವಲ್ಪ ನಿಂತಿತು. ನಾನು ಕಂಬಳಿಗಳನ್ನು ಒಂದೊಂದಾಗಿ ಕಿತ್ತು ಕೆರೆಗೆ ಎಸೆದೆ. ಅಪ್ಪನ ಹೊದಿಕೆಯನ್ನೂ.

"ಅಯ್ಯೋ ಮೂದೇವಿ! ಏನ್ ಮಾಡ್ಬುಟ್ಟೆ ಕಮ್ಲಿ!"

"ಈಗ ಹೊದಿಸಕ್ಕೆ ಏನೂ ಇಲ್ಲ. ಕ್ಯಾನು ನೀರಲ್ಲಿಡು ಚಿಕ್ಕಪ್ಪ."

"ಕೆರೇಲಿ? ಹಾಲು ಕ್ಯಾನು ಕೆರೇಲಿ? ನಾಕು ಜನ ನೋಡಿದ್ರೆ ನನ್ ಗತಿ ಏನ್ಲಾ... ಏನಮ್ಮಿ?" ಸಿಟ್ಟಿನಲ್ಲಿ ಅವನಿಗೆ ನಾನು ಹುಡುಗನೋ ಹುಡುಗಿಯೋ ಎನ್ನುವುದೂ ಮರೆತುಹೋಗಿತ್ತು.

"ಇಡ್ಲಿಲ್ಲಾಂದ್ರೆ ನಾಳೆಯಿಂದ ಹಾಲೂ ಮನೇಲಿ, ನಾನೂ ಮನೇಲಿ. ನಿಂಗೆ ಸಂತೋಷಾನಾ?"

ಚಿಕ್ಕಪ್ಪ ನನ್ನ ಮುಖ ನೋಡಿದ. ಅವನಿಗೆ ಮಕ್ಕಳಿರಲಿಲ್ಲ. ನಾನು ಗಾಡಿಯಲ್ಲಿ ಕೂತು ಇಂಗ್ಲಿಷ್ ಪದ್ಯ ಬಾಯಿಪಾಠ ಮಾಡುವಾಗ, ಒಂದಕ್ಷರ ತಿಳಿಯದಿದ್ದರೂ ತಲೆ ಆಡಿಸುತ್ತಾ ಎತ್ತು ಹೊಡೆಯುತ್ತಿದ್ದವನು ಅವನು. ಪಂಚೆ ಎತ್ತಿ ಕಟ್ಟಿ, ಕ್ಯಾನುಗಳನ್ನು ಇಳಿಸಿ, ಮಂಜು ಹಿಡಿದ ಆ ಕೆರೆಯಲ್ಲಿ ಅವುಗಳ ಕತ್ತು ಹಿಡಿದುಕೊಂಡು ಮೊಣಕಾಲುದ್ದ ನೀರಲ್ಲಿ ನಿಂತ. ನಾನು ತೊಳೆದ ಸೌಟಿನಿಂದ ಒಳಗೆ ಕಲಕುತ್ತಾ ಇದ್ದೆ. ಯಾರ ಕಣ್ಣಿಗೂ ಬೀಳದಿರಲಿ ಎಂದು ಅವನು ಬೇಡಿಕೊಳ್ಳುತ್ತಿದ್ದಾಗಲೇ ಏರಿಯ ಮೇಲೆ ಸೊಪ್ಪು ಹೊತ್ತು ಹೋಗುತ್ತಿದ್ದ ತೆಲುಗಿನವನೊಬ್ಬ ನಿಂತು ಕೂಗಿದ: "ಏಂ ಬಾವಾ, ಪಾಲಲೋ ನೀಳ್ಳಾ, ನೀಳ್ಳಲೋ ಪಾಲಾ?" ಹಾಲಲ್ಲಿ ನೀರೋ, ನೀರಲ್ಲಿ ಹಾಲೋ ಎಂದು.

ಚಿಕ್ಕಪ್ಪ ಅವನಿಗೆ ಮೂರು ಭಾಷೆಯಲ್ಲೂ ಉತ್ತರ ಕೊಟ್ಟ. ಅದನ್ನು ಬರೆಯಲು ನನ್ನ ಕಾನ್ವೆಂಟ್ ಎಜುಕೇಶನ್ ಅಡ್ಡ ಬರುತ್ತದೆ.

ಕಾನ್ವೆಂಟು ತಲುಪಿದಾಗ ತಡವಾಗಿತ್ತು. ಅಡುಗೆಮನೆ ಜಗಲಿಯಲ್ಲಿ ಮದರ್, ಸಿಸ್ಟರ್ ಉರ್ಸುಲಾ, ಕಂಬದ ಹಿಂದೆ ಸ್ಟೆಲ್ಲಾ. ಚಿಕ್ಕಪ್ಪ ಒದ್ದೆ ಪಂಚೆಯಲ್ಲಿ ತಲೆ ತಗ್ಗಿಸಿಕೊಂಡು ಗಾಡಿಯ ಪಕ್ಕ ನಿಂತ. ತಣ್ಣಗಿನ ಹಾಲನ್ನು ಅಳೆದು ಕೊಡುವಾಗ ಅವನ ಕಿವಿ ಕೆಂಪಾಗಿತ್ತು. ಕದ್ದ ಮಾಲು ಕೊಡುವವನ ಹಾಗಿದ್ದ. ಸಿಸ್ಟರ್ ಗ್ಲಾಸಿಗೆ ಹಾಲು ಸುರಿದರು. ಲ್ಯಾಕ್ಟೋಮೀಟರನ್ನು ಎರಡು ಬೆರಳಿನಲ್ಲಿ ಹಿಡಿದು ಮೆಲ್ಲಗೆ ಬಿಟ್ಟರು. ಅದು ಇಳಿಯಿತು, ಎದ್ದಿತು, ಮತ್ತೆ ಇಳಿಯಿತು.  ಕೊನೆಗೆ ಎಂ ಗೆರೆಗೆ ಕೂದಲೆಳೆಯಷ್ಟು ಅಂತರದಲ್ಲಿ ನಿಂತುಬಿಟ್ಟಿತು.

ಮದರ್ ಬಗ್ಗಿ ನೋಡಿದರು. "ಹಾಲು ಬರುತ್ತಿರಲಿ," ಎಂದಷ್ಟೇ ಹೇಳಿ ಪ್ರಾರ್ಥನೆಗೆ ಹೊರಟುಹೋದರು. ದೊಡ್ಡವರು ತಪ್ಪು ಒಪ್ಪಿಕೊಳ್ಳುವ ಕ್ರಮ ಅದೇ ಇರಬೇಕು.

ಸಿಸ್ಟರ್ ಉರ್ಸುಲಾ ಹಾಗೆ ಹೋಗಲಿಲ್ಲ. ಇಡೀ ಕ್ಲಾಸಿನ ಮುಂದೆ, "ಕಮಿಲ್ಲಾ ಸರಿ, ನಾನು ತಪ್ಪು," ಎಂದರು. ಎ ಹಾಲಿಗೆ ನೀರು ಬೆರೆತಿದೆ ಎಂದು ಬರೆದವರೆಲ್ಲ ಇನ್ನೊಮ್ಮೆ, ಎರಡು ಹಾಲನ್ನೂ ಸಮ ತಣ್ಣಗೆ ಮಾಡಿಕೊಂಡು, ಪ್ರಾಕ್ಟಿಕಲ್ ಮಾಡಬೇಕಾಯಿತು. "ನಿನ್ನಿಂದ ನಮಗೆಲ್ಲ ಎರಡನೇ ಸಲ ಡೀ, ಪಾವಿ!" ಎಂದು ಸ್ಟೆಲ್ಲಾ, ತಮಿಳಿನಲ್ಲಿ ಪಾಪಿ ಎಂದು ಬೈದು, ನನ್ನ ಬೆನ್ನಿಗೆ ಗುದ್ದಿದಳು. ಅವಳ ರೆಕಾರ್ಡಿನಲ್ಲಿ ಲ್ಯಾಕ್ಟೋಮೀಟರಿನ ಚಿತ್ರ ಎಷ್ಟು ಚೆನ್ನಾಗಿತ್ತು ಅಂತೀರಿ! ನೆರಳು ಸಹಿತ ಬಿಡಿಸಿದ್ದಳು. ಆದರೂ ಉತ್ತರ ತಪ್ಪು. ಅವಳ ಚಿತ್ರಕ್ಕೆ ಮಾರ್ಕು ಕೊಡಿ ಎಂದು ನಾನು ಕೇಳಲಿಲ್ಲ, ಅವಳೂ ಕೇಳಲಿಲ್ಲ. ಮತ್ತೆ ಮಾಡಿದಳು, ಸರಿಯಾಗಿ ಮಾಡಿದಳು. ಅದಕ್ಕೇ ಅವಳು ನನ್ನ ಸ್ನೇಹಿತೆ.

ಎಲ್ಲರೂ ಹೋದ ಮೇಲೆ ಸಿಸ್ಟರ್ ನನ್ನ ಕಾರ್ಡು ತೆಗೆದರು. ಸೊನ್ನೆಯನ್ನು ಹೊಡೆದು ಪೂರ್ತಿ ಮಾರ್ಕು ಬರೆದರು. ಪೆನ್ನು ಎಫರ್ಟಿನ ಮೇಲೆ ನಿಂತಿತು.

"ಇದು ನಾನು ಪ್ರೀತಿಯಿಂದ ಕೊಟ್ಟದ್ದು, ಕಮಿಲ್ಲಾ. ಇಟ್ಟುಕೊಳ್ಳಬಾರದೇ?"

 ಮನೆ ಬಿಟ್ಟು, ದೇಶ ಬಿಟ್ಟು, ನಮ್ಮಂಥ ಮೊಂಡು ಮಕ್ಕಳಿಗೆ ಪಾಠ ಹೇಳಲು ಬಂದಿದ್ದ ಹೆಂಗಸು. ಪ್ರೀತಿಯಿಂದ ಕೊಟ್ಟದ್ದು ಎನ್ನುವುದರಲ್ಲಿ ನನಗೆ ಅನುಮಾನವೇ ಇಲ್ಲ. ಅದಕ್ಕೇ ಬೇಡವಾಗಿತ್ತು. ಪ್ರೀತಿಯನ್ನು ಅವರು ಬೇರೆ ಯಾವ ರೀತಿಯಲ್ಲಿ ಕೊಟ್ಟಿದ್ದರೂ ಎರಡು ಕೈಯಲ್ಲಿ ತಗೊಳ್ಳುತ್ತಿದ್ದೆ.

"ಬೇಡ, ಸಿಸ್ಟರ್," ಎಂದೆ.

ಅವರು ಎ ಅಕ್ಷರದ ಮೇಲೆ ಗೀಟೆಳೆದರು.

ಸಂಜೆ ಖಾಲಿ ಕ್ಯಾನು ತಗೊಂಡು ಹೋಗಲು ಚಿಕ್ಕಪ್ಪ ಬಂದ. ಪಂಚೆ ಒಣಗಿತ್ತು, ಕೋಪ ಇನ್ನೂ ಒಣಗಿರಲಿಲ್ಲ.  ಊರಿನ ದಾರಿ ಅರ್ಧ ಮುಗಿದಾಗ ಹಿಂದಕ್ಕೆ ಕೈ ಚಾಚಿದ. ನಾನು ಕಾರ್ಡು ಕೊಟ್ಟೆ. ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಇದ್ಯಾಕೆ ಇಲ್ಲಿ ಗೀಟು ಎಳ್ದವ್ರೆ?"

"ಎ ಕೊಟ್ಟಿದ್ರು. ನಾನೇ ಹೊಡೆದಾಕಿ ಅಂದೆ."

"ತಪ್ಪಾಗಿ ಕೊಟ್ಟಿದ್ರಾ?"

"ಪಾಪ ಅಂತ ಕೊಟ್ಟಿದ್ರು."

ಚಿಕ್ಕಪ್ಪ ಮುಂದಕ್ಕೆ ತಿರುಗಿ ಗಾಡಿ ಹೊಡೆದ. ಅವನ ಬೆನ್ನು ಅಲುಗುತ್ತಿತ್ತು. ಅಳುತ್ತಿದ್ದಾನೋ ಎಂದು ಬಗ್ಗಿ ನೋಡಿದರೆ ನಗುತ್ತಿದ್ದ.

"ಬೆಳಿಗ್ಗೆ ನನ್ ಕಂಬ್ಳಿ ಕೆರೆಗೆ ಎಸ್ದೆ. ಮಧ್ಯಾನ ಆಯಮ್ಮನ ಎ ಎಸ್ದೆ. ನಾಳೆ ಇನ್ನೇನ್ ಎಸೀತೀಯೇ, ತಾಯಿ?"

"ನಾಳೆ ಕ್ಲಾಸೈತೆ ಚಿಕ್ಕಪ್ಪ," ಎಂದೆ. "ಬೇಗ ಎಬ್ಬಿಸು."